ಒದಗಿಸತಕ್ಕದ್ದು

1978 ಜನವರಿ 18, ಬುಧವಾರ. ಮಳವಳ್ಳಿ

ಪಾರ್ಥಸಾರಥಿ ಬಂದಿದ್ದ. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಬಳಿ ಕನ್ನಡ ಓದಿದವನು. ಈಗ ಮದ್ದೂರು ರಸ್ತೆಯ ಔಷಧಿ ಫ್ಯಾಕ್ಟರಿಯಲ್ಲಿ ಕೆಲಸಗಾರರ ವ್ಯವಹಾರ ನೋಡಿಕೊಳ್ಳುವ ಪರ್ಸನೆಲ್ ಆಫೀಸರು. ಔಷಧಿ ಎಂದರೆ ಮನುಷ್ಯರದಲ್ಲ, ಭತ್ತಕ್ಕೂ ಕಬ್ಬಿಗೂ ಬೀಳುವ ಹುಳುವಿಗೆ ಎರಚುವ ಪುಡಿ. ಜೀಪು ನಮ್ಮ ಬೀದಿಯಲ್ಲಿ ನಿಂತಾಗ ಎದುರುಮನೆಯವರೆಲ್ಲ ಹೊರಗೆ ಬಂದು ನೋಡಿದರು. ನಾನು ನಿವೃತ್ತನಾದ ಈ ಒಂದೂವರೆ ವರ್ಷದಲ್ಲಿ ನನ್ನನ್ನು ಹುಡುಕಿಕೊಂಡು ಬಂದ ಮೊದಲ ವಾಹನ ಅದು. ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಇಪ್ಪತ್ತನಾಲ್ಕು ಪುಟದ ಇಂಗ್ಲಿಷ್ ಪುಸ್ತಿಕೆಯೊಂದನ್ನು, ಕೆಲಸದ ಪದಗಳು ತಿಳಿಯಲೆಂದು ಫ್ಯಾಕ್ಟರಿಯ ಕೆಲವು ಕಾಗದಗಳನ್ನೂ ತಂದಿದ್ದ. ಹಲವು ದೇಶಗಳಲ್ಲಿ ವ್ಯಾಪಾರ ಮಾಡುವ ಕಂಪನಿಗಳು ಕೆಲಸಗಾರರ ಜೊತೆ, ಊರಿನವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಪ್ಯಾರಿಸ್ಸಿನಲ್ಲಿ, ಜಿನೀವಾದಲ್ಲಿ ಸರ್ಕಾರಗಳು ಕೂಡಿ ಕೆಲವು ತತ್ವಗಳನ್ನು ಬರೆದಿವೆಯಂತೆ. ಇವರ ಹೊರದೇಶದ ಮುಖ್ಯ ಕಚೇರಿಯವರು ಅದನ್ನು ಅನುಸರಿಸಿ ತಮ್ಮದೇ ಒಂದು ಪುಸ್ತಿಕೆ ಮಾಡಿದ್ದಾರೆ. ಎಲ್ಲ ದೇಶದ ಕೆಲಸಗಾರರಿಗೂ ಅವರವರ ಭಾಷೆಯಲ್ಲಿ ಕೊಡಬೇಕೆಂದು ಅಪ್ಪಣೆಯಾಗಿದೆ.

"ಕಾನೂನಲ್ಲ ಮೇಷ್ಟ್ರೇ. ಯಾರ ಬಲವಂತವೂ ಇಲ್ಲ. ನಾವಾಗಿ ನಾವೇ ಒಪ್ಪಿಕೊಂಡಿರೋದು. ಕನ್ನಡದಲ್ಲಿ ಇದನ್ನ ನೀವಲ್ಲದೆ ಇನ್ಯಾರು ಮಾಡ್ತಾರೆ?"

ವೇದವತಿ ಕಾಫಿ ತಂದಿಟ್ಟು, ಅಷ್ಟಕ್ಕೇ ಏದುಸಿರು ಬಂದು, ಗೋಡೆಗೆ ಕೈಯಾನಿಸಿ ನಿಂತಳು. ಅವನು ಗಮನಿಸಿದ. ಎದೆಯ ಕಾಯಿಲೆಗೆ ಹದಿನೈದು ದಿನಕ್ಕೊಮ್ಮೆ ಮೈಸೂರಿನ ಆಸ್ಪತ್ರೆಗೆ ಹೋಗಬೇಕು, ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದರೆ ಎರಡು ದಿನ ಏಳುವುದಿಲ್ಲ ಎಂದೆ.

"ಮಂಗಳವಾರ ನಮ್ಮ ಜೀಪು ಹೇಗೂ ಮೈಸೂರಿಗೆ ಹೋಗುತ್ತೆ. ಅಮ್ಮನ್ನ ಅದರಲ್ಲೇ ಕರಕೊಂಡು ಹೋಗಿ. ನೀವು ಇದನ್ನ ಮಾಡಿದರೂ ಸರಿ, ಮಾಡದಿದ್ದರೂ ಸರಿ."

ಅವನಿಗೆ ಒಳ್ಳೆಯದಾಗಲಿ.

ಜನವರಿ 24, ಮಂಗಳವಾರ

ಜೀಪು ಸರಿಯಾಗಿ ಏಳು ಗಂಟೆಗೆ ಬಂತು. ವೇದವತಿ ಮುಂದಿನ ಸೀಟಿನಲ್ಲಿ ಕೂತು ಬನ್ನೂರಿನವರೆಗೂ ಗದ್ದೆ ನೋಡಿಕೊಂಡು ಬಂದಳು. ಸಂಜೆ ಮನೆಗೆ ಬಂದವಳು ತಾನೇ ಸಾರು ಮಾಡಿದಳು.

ಫೆಬ್ರವರಿ 3, ಶುಕ್ರವಾರ

ಒಂದು ವಾರದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ಶುಡ್. ಎಣಿಸಿದೆ, ಅರವತ್ತೊಂದು ಕಡೆ ಬರುತ್ತದೆ. ಕಂಪನಿ ಕೈಗವಸು ಕೊಡಬೇಕು ಎನ್ನಲೆ, ಕೊಡುವುದು ಒಳ್ಳೆಯದು ಎನ್ನಲೆ, ಕೊಟ್ಟರೆ ಚೆನ್ನು ಎನ್ನಲೆ? ಇಂಗ್ಲಿಷಿನವರು ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಲ್ಲಬಲ್ಲರು. ಕನ್ನಡದ ಕ್ರಿಯಾಪದಕ್ಕೆ ಆ ಭಂಗಿ ಬರುವುದಿಲ್ಲ.

ವೇದವತಿ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದಳು.

"ಯಾರೂ ಹೇಳದೆ ತಾವಾಗಿ ಹಿಡಿದಿದ್ದು ಅಂತೀರಲ್ಲ, ಅದಕ್ಕೆ ನಮ್ಮಲ್ಲಿ ವ್ರತ ಅನ್ನಲ್ವೆ?" ಎಂದಳು. "ಏಕಾದಶಿ ಉಪವಾಸಾನ ಯಾವ ಪೊಲೀಸಿನವರು ಬಂದು ಮಾಡಿಸ್ತಾರೆ? ಹಾಗಂತ ಮಧ್ಯಾಹ್ನ ಹಸಿವಾಯ್ತು ಅಂತ ಮುರೀತೀವಾ?"

ಮೂವತ್ತೆರಡು ವರ್ಷ ಪಾಠ ಹೇಳಿದವನು ನಾನು, ಪದ ಸಿಕ್ಕಿದ್ದು ಇವಳಿಗೆ. ಮುನ್ನುಡಿಯಲ್ಲಿ 'ಕಂಪನಿಯು ಸ್ವಇಚ್ಛೆಯಿಂದ ತೊಟ್ಟ ವ್ರತ' ಎಂದೇ ಬರೆದೆ. ಆಮೇಲೆ ಶುಡ್ ತಾನಾಗಿ ಬಿಡಿಸಿಕೊಂಡಿತು. ವ್ರತಕ್ಕೆ ತಕ್ಕ ಮಾತು ತಕ್ಕದ್ದು. ಒದಗಿಸತಕ್ಕದ್ದು. ತಿಳಿಸತಕ್ಕದ್ದು. ಕೇಳತಕ್ಕದ್ದು. ಅರವತ್ತೊಂದೂ ಕಡೆ ಹಾಗೆಯೇ. ಓದಿ ನೋಡಿದರೆ ಶಾಸನದ ಗಾಂಭೀರ್ಯ ಬಂದಿದೆ.

ಫೆಬ್ರವರಿ 20, ಸೋಮವಾರ

ಮಂಡ್ಯಕ್ಕೆ ಹೋಗಿ ನಜೀರ್ ಅಹ್ಮದರ ಪ್ರೆಸ್ಸಿನಲ್ಲಿ ಕೊನೆಯ ಪ್ರೂಫು ನೋಡಿ ಕೊಟ್ಟು ಬಂದೆ. ಅಚ್ಚುಮೊಳೆ ಜೋಡಿಸುವುದರಲ್ಲಿ ಆತನಷ್ಟು ಶುದ್ಧವಾದ ಕೈ ಈ ಜಿಲ್ಲೆಯಲ್ಲಿಲ್ಲ. ಎರಡನೆಯ ಪುಟದಲ್ಲಿ 'ಕನ್ನಡಕ್ಕೆ: ವಿದ್ವಾನ್ ತಿರುನಾರಾಯಣ' ಎಂದಿದೆ.

"ಮೇಷ್ಟ್ರೇ, ಕಂಪನಿಯವರು ಇದನ್ನ ಓದಿದಾರಾ?" ಎಂದ ನಜೀರ್.

"ಪಾರ್ಥಸಾರಥಿ ಓದಿ ಸಹಿ ಹಾಕಿದಾನೆ."

"ಹಂಗಾದ್ರೆ ಸರಿ. ಗೆಜೆಟ್ಟು ಓದ್ದಂಗದೆ, ಅದಕ್ಕೇ ಕೇಳ್ದೆ."

ಪಾರ್ಥಸಾರಥಿ ಎಷ್ಟು ಓದಿದನೋ. ಭಾಷೆ ಬಂಗಾರದಂತಿದೆ ಎಂದಿದ್ದ. ನಾನೂರು ಪ್ರತಿ.

ಮಾರ್ಚ್ 6, ಸೋಮವಾರ

ಸಂಜೆ ಕೆಂಪ ಬಂದ. ಕೆಂಪಸಿದ್ದಯ್ಯ, ಪಾರ್ಥಸಾರಥಿಯ ತರಗತಿಯವನೇ. ಕೊನೆಯ ಬೆಂಚು, ಒತ್ತಕ್ಷರ ಎಂದೂ ನೆಟ್ಟಗೆ ಬರೆದವನಲ್ಲ. ಅದೇ ಫ್ಯಾಕ್ಟರಿಯಲ್ಲಿ ಪುಡಿ ಬೆರೆಸುವ ಮನೆಯಲ್ಲಿ ಆರು ವರ್ಷದಿಂದ ಸಲಿಕೆ ಹಿಡಿದಿದ್ದಾನೆ. ಒಳಗೆ ಬಾ ಎಂದರೂ ಜಗಲಿಯ ಮೇಲೇ ಕೂತ. ಬನಿಯನ್ನಿನೊಳಗಿಂದ ಪುಸ್ತಿಕೆ ತೆಗೆದ. ಅದಕ್ಕೆ ರಟ್ಟು ಹಾಕಿದ್ದ.

"ಎಲ್ಡು ಸಲ ಓದ್ದೆ ಸಾ. ಪುಟ ಒಂಬತ್ತು, ಮೂರನೇ ಸಾಲು." ಬೆರಳಿಟ್ಟು ಓದಿದ. "'ಪುಡಿಯು ಮೈಗೆ ತಗಲುವ ಕೆಲಸದವರಿಗೆ ಕಂಪನಿಯು ಕೈಗವಸು ಹಾಗೂ ಮುಖವಸ್ತ್ರ ಒದಗಿಸತಕ್ಕದ್ದು.' ತಕ್ಕದ್ದು ಅಂದ್ರೆ ಕೊಡ್ಲೇಬೇಕು ಅಂತ ತಾನೇ ಸಾ?"

"ಹೌದಪ್ಪ. ವಿಧ್ಯರ್ಥ. ಒಂಬತ್ತನೇ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದೆನಲ್ಲ."

"ಯೋಳ್ಕೊಟ್ಟಿದ್ರಿ. ಅವತ್ತು ತಲೆಗೆ ಅತ್ತಿರ್ಲಿಲ್ಲ."

ನಕ್ಕ. ನಾನೂ ನಕ್ಕೆ. ಆಮೇಲೆ ಕೈ ಚಾಚಿದ. ಬೆರಳ ತುದಿಯ ಚರ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದಿತ್ತು. ವೇದವತಿ ಕೊಟ್ಟ ಮಜ್ಜಿಗೆ ಲೋಟವನ್ನು ಎರಡೂ ಅಂಗೈ ಸೇರಿಸಿ ಹಿಡಿದ, ಆದರೂ ತುಳುಕಿತು.

"ನಮ್ಮೋಳು ಪಟ್ಟಲಮ್ಮನೇ ಅಂಗಿ ಗುಂಡಿ ಆಕ್ಬೇಕು ಸಾ. ನಂಗೆ ಗುಂಡಿ ಕೈಗೆ ಸಿಕ್ಕಾಕಿಲ್ಲ. ವ್ರತ ಅಂತ ಬರ್ದಿದ್ದೀರಲ್ಲ, ಯಾರೂ ಬಲವಂತ ಮಾಡ್ದೆ ಇಡಿದ ವ್ರತಾನ ಬುಡಾಕಾಯ್ತದಾ? ನಾಳೀಕೆ ಓಗಿ ಪಾರ್ಥನ್ನೇ ಕೇಳ್ತೀನಿ."

ನನ್ನ ವಿದ್ಯಾರ್ಥಿಗಳಲ್ಲಿ ವ್ಯಾಕರಣವನ್ನು ಬದುಕಿಗೆ ತಂದುಕೊಂಡವನು ಇವನೊಬ್ಬನೇ ಇರಬೇಕು. ಅವನು ಹೋದ ಮೇಲೂ ಬಹಳ ಹೊತ್ತು ಮನಸ್ಸು ತುಂಬಿಕೊಂಡಿತ್ತು.

ಮಾರ್ಚ್ 14, ಮಂಗಳವಾರ

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸುದ್ದಿ ಕೇಳಿದೆ. ಪುಡಿ ಮನೆಯ ಹನ್ನೊಂದು ಜನ ನಿನ್ನೆಯಿಂದ ಸಲಿಕೆ ಮುಟ್ಟಿಲ್ಲವಂತೆ. ಗಲಾಟೆ ಇಲ್ಲ, ಘೋಷಣೆ ಇಲ್ಲ. ಪುಸ್ತಿಕೆಯನ್ನು ಒಂಬತ್ತನೆಯ ಪುಟಕ್ಕೆ ತೆರೆದು ಮುಂದಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಾರಂತೆ. ಕೆಂಪ ಮುಂದೆ ಕೂತಿದ್ದಾನಂತೆ.

"ನಿಮ್ಮ ಪುಸ್ತಕವೇ ಅಲ್ವಾ ಮೇಷ್ಟ್ರೇ?" ಎಂದ ಹೋಟೆಲಿನವನು. ಹೌದು ಎಂದೆ. ಕಾಫಿಯ ದುಡ್ಡು ಕೊಟ್ಟು ಎದ್ದೆ.

ಮಾರ್ಚ್ 17, ಶುಕ್ರವಾರ

ಪಾರ್ಥಸಾರಥಿ ಬಂದಿದ್ದ. ಈ ಸಲವೂ ನಮಸ್ಕಾರ ಮಾಡಿದ. ಮುಖ ಬಾಡಿತ್ತು. ಬೆಂಗಳೂರಿನಿಂದ ಟ್ರಂಕ್ ಕಾಲ್ ಮೇಲೆ ಟ್ರಂಕ್ ಕಾಲ್ ಬರುತ್ತಿದೆಯಂತೆ.

"ಮೇಷ್ಟ್ರೇ, ಮೂಲದಲ್ಲಿ ಶುಡ್ ಇದೆ. ಶಲ್ ಅಲ್ಲ, ಮಸ್ಟ್ ಅಲ್ಲ. ಮುನ್ನುಡಿಯಲ್ಲೇ ಇದು ಕಡ್ಡಾಯ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ನೀವು ಅದನ್ನ ವ್ರತ ಅಂತ ಮಾಡಿಬಿಟ್ಟಿದ್ದೀರಿ."

"ನೀನೇ ಓದಿ ಸಹಿ ಹಾಕಿದೆಯಲ್ಲಪ್ಪ."

"ಗುರುಗಳು ಬರೆದದ್ದರಲ್ಲಿ ತಪ್ಪು ಹುಡುಕೋಕೆ ನಾನ್ಯಾರು?"

ಅವನು ಬಯಸುವುದು ಒಂದು ಕಾಗದ. ಶುಡ್ ಎಂಬುದಕ್ಕೆ ಅನುವಾದಕನು ಇಲ್ಲದ ಕಡ್ಡಾಯಾರ್ಥವನ್ನು ಕೊಟ್ಟಿದ್ದಾನೆ ಎಂದು, ನನ್ನ ಕೈಬರಹದಲ್ಲಿ.

"ಸುಳ್ಳು ಹೇಳಿ ಅಂತ ಕೇಳ್ತಿಲ್ಲ. ಇಂಗ್ಲಿಷಿನಲ್ಲಿ ಏನಿದೆಯೋ ಅಷ್ಟನ್ನೇ ಹೇಳಿ. ಹನ್ನೊಂದು ಜನ ವಾಪಸ್ ಕೆಲಸಕ್ಕೆ ಹೋಗ್ತಾರೆ. ಯಾರಿಗೂ ಏನೂ ಆಗಲ್ಲ."

ಹೊರಡುವಾಗ ಅಡುಗೆಮನೆಯ ಕಡೆ ತಿರುಗಿ, "ಅಮ್ಮ ಹೇಗಿದ್ದಾರೆ? ಮಂಗಳವಾರ ಜೀಪು ಬರುತ್ತೆ" ಎಂದ. ಅದರಲ್ಲಿ ಬೇರೆ ಅರ್ಥವಿರಲಿಲ್ಲ. ಇತ್ತೆಂದು ಯೋಚಿಸುವುದು ನನ್ನ ಸಣ್ಣತನ.

ಮಾರ್ಚ್ 19, ಭಾನುವಾರ

ನಿಘಂಟು ತೆಗೆದು ಮತ್ತೆ ನೋಡಿದೆ. ಅವನು ಹೇಳುವುದು ಸರಿ. ಶುಡ್ ಎಂಬುದರಲ್ಲಿ ಸಲಹೆಯ ಛಾಯೆ ಇದ್ದೇ ಇದೆ. ಮೂಲದಲ್ಲಿ ಇಲ್ಲದ ಬಿಗಿಯನ್ನು ನಾನು ತಂದೆ. ಅನುವಾದಕನಿಗೆ ಅದು ದೋಷವೇ. ದೋಷವನ್ನು ಒಪ್ಪಿಕೊಳ್ಳುವುದು ಪಂಡಿತನಿಗೆ ಅವಮಾನವಲ್ಲ.

ಬರೆದೆ. ಏಳು ಸಾಲು.

ವೇದವತಿಗೆ ಓದಿ ಹೇಳಿದೆ. "ಆ ಹುಡುಗನ ಕೈ ನೋಡಿದ್ರಲ್ಲ" ಎಂದಳು.

"ಇದು ಕೈಯ ವಿಷಯವಲ್ಲ, ಪದದ ವಿಷಯ."

"ಪದ ನಂದು. ನಾನು ಹೇಳಿದ್ದು ತಪ್ಪಾ ಹಾಗಾದ್ರೆ?"

ಉದ್ಯಮದ ಭಾಷೆ ಅವಳಿಗೆ ಹೇಗೆ ತಿಳಿಯಬೇಕು ಎಂದು ಸಮಾಧಾನ ಹೇಳಿದೆ.

ಮಾರ್ಚ್ 21, ಮಂಗಳವಾರ

ಜೀಪು ಬಂತು. ವೇದವತಿ ಹಿಂದಿನ ಸೀಟಿನಲ್ಲಿ ಕೂತಳು. ಡ್ರೈವರು ಹೇಳಿದ: ನಿನ್ನೆ ನಾನು ಕಳಿಸಿದ ಕಾಗದವನ್ನು ಓದಿ ಹೇಳಿದ ಮೇಲೆ ಹನ್ನೊಂದು ಜನವೂ ಎದ್ದು ಒಳಗೆ ಹೋದರಂತೆ. ಕೆಂಪಸಿದ್ದಯ್ಯನಿಗೆ ಮಾತ್ರ ನೋಟೀಸು.

ಯಾರಿಗೂ ಏನೂ ಆಗುವುದಿಲ್ಲ ಎಂದಿದ್ದನಲ್ಲ. ಮೇಲಿನವರ ಒತ್ತಡ ಇರಬೇಕು.

ಏಪ್ರಿಲ್ 11, ಮಂಗಳವಾರ

ಇಂದು ಫ್ಯಾಕ್ಟರಿಯಲ್ಲಿ ವಿಚಾರಣೆ. ನಾನು ಸಾಕ್ಷಿ. ಕಂಪನಿಯ ಪುಸ್ತಿಕೆಯನ್ನು ತಪ್ಪಾಗಿ ಅರ್ಥೈಸಿ ಇತರರನ್ನು ಪ್ರಚೋದಿಸಿದ ಎಂದು ಕೆಂಪಸಿದ್ದಯ್ಯನ ಮೇಲೆ ಆರೋಪ.

ಫ್ಯಾನಿನ ಕೆಳಗೆ ನನಗೊಂದು ಕುರ್ಚಿ ಹಾಕಿದ್ದರು. ಕೆಂಪಸಿದ್ದಯ್ಯ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಯವರೆಗೂ ಗುಂಡಿ. ಅವನ ಪರವಾಗಿ ಮಾತಾಡಲು ಯಾರೂ ಬಂದಿರಲಿಲ್ಲ. ಉಳಿದ ಹತ್ತು ಜನ ಪಾಳಿಯಲ್ಲಿದ್ದರು.

ಬೆಂಗಳೂರಿನಿಂದ ಬಂದಿದ್ದ ವಕೀಲರು ನನ್ನ ಕಾಗದ ತೋರಿಸಿ, ಇದು ನಿಮ್ಮದೇ ಬರಹವೆ ಎಂದರು. ಹೌದು ಎಂದೆ. ಆರೋಪಿತನು ಏನಾದರೂ ಕೇಳುವುದಿದ್ದರೆ ಕೇಳಬಹುದು ಎಂದರು.

ಅವನು ನನ್ನ ಕಡೆ ತಿರುಗಿದ.

"ಸಾ, ನಿಮ್ಮನೆ ಜಗ್ಲಿ ಮ್ಯಾಲೆ ಕುಂತು ನಾನ್ ಕೇಳ್ದೆ. ತಕ್ಕದ್ದು ಅಂದ್ರೆ ಕೊಡ್ಲೇಬೇಕು ಅಂತ ತಾನೇ ಅಂತ. ನೀವು ಏನ್ ಯೋಳಿದ್ರಿ?"

ಹಾಲು ಬಿಳುಪೋ ಕಪ್ಪೋ ಎಂದು ಕೇಳುವಷ್ಟು ಸರಳವಾಗಿ ಕೇಳಿದ. ಪಾರ್ಥಸಾರಥಿ ಕಾಗದಗಳನ್ನು ಸರಿಪಡಿಸುತ್ತಿದ್ದ, ತಲೆ ಎತ್ತಲಿಲ್ಲ.

"ನೀನು ತಕ್ಕದ್ದು ಎಂಬ ಕನ್ನಡ ಪದದ ಅರ್ಥ ಕೇಳಿದೆ. ವ್ಯಾಕರಣದ ಪ್ರಶ್ನೆ ಅದು. ನಾನು ವ್ಯಾಕರಣದ ಉತ್ತರ ಹೇಳಿದೆ. ಕಂಪನಿ ಏನು ಮಾಡಬೇಕು ಅಂತ ನಾನು ಹೇಳಲಿಲ್ಲ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ವಕೀಲರು ಬರೆದುಕೊಂಡರು.

"ಆಯ್ತು ಬುಡಿ ಸಾ," ಎಂದ ಅವನು.

ಊಟಕ್ಕೆ ಪಾರ್ಥಸಾರಥಿ ತನ್ನ ಕೋಣೆಗೇ ತರಿಸಿದ. ಪೂರಿ ಸಾಗು ಚೆನ್ನಾಗಿತ್ತು.

ಏಪ್ರಿಲ್ 27, ಗುರುವಾರ

ಪರಿಷ್ಕೃತ ಮುದ್ರಣ ಸಿದ್ಧವಾಗುತ್ತಿದೆ. ಮೊದಲಿನದು ಒರಟಾಗಿತ್ತೆಂದು ಈಗ ಕಾಣುತ್ತದೆ. 'ಸಾಧ್ಯವಾದ ಮಟ್ಟಿಗೆ ಒದಗಿಸಲು ಪ್ರಯತ್ನಿಸುವುದು' ಎಂದು ತಿದ್ದಿದ್ದೇನೆ. ವಾಕ್ಯ ಹರಿಯುತ್ತದೆ. ನಜೀರ್ ಅಹ್ಮದ್ ಮಾತ್ರ ಗೊಣಗಿದ.

"ಒಂದು ಪುಟದಲ್ಲಿ ಎಷ್ಟು ಸಾಧ್ಯ ಮೇಷ್ಟ್ರೇ? 'ಧ' ಮೊಳೆಯೇ ಸಾಲ್ತಾ ಇಲ್ಲ. ಪಕ್ಕದ ಪ್ರೆಸ್ಸಿಂದ ಕೇಳಿ ತಂದೆ."

ಮುಖ್ಯ ಕಚೇರಿಗೆ ಕಳಿಸುವ ವರದಿಯಲ್ಲಿ ನಮ್ಮ ಪುಸ್ತಿಕೆಯ ಪ್ರಸ್ತಾಪ ಬರುತ್ತದಂತೆ. ಕೆಲಸಗಾರರಿಗೆ ಅವರದೇ ಭಾಷೆಯಲ್ಲಿ ತತ್ವಗಳನ್ನು ತಲುಪಿಸಿದ ಮೊದಲ ಘಟಕಗಳಲ್ಲಿ ಇದೂ ಒಂದು.

ಮೇ 4, ಗುರುವಾರ

ಬೆಳಿಗ್ಗೆ ಕೆಂಪಸಿದ್ದಯ್ಯ ಮತ್ತು ಅವನ ಹೆಂಡತಿ ಪಟ್ಟಲಮ್ಮ ಬಂದರು. ಕೆಲಸದಿಂದ ತೆಗೆದ ಆರ್ಡರು ಇಂಗ್ಲಿಷಿನಲ್ಲಿದೆ, ಓದಿ ಹೇಳಬೇಕಂತೆ. ಊರಿನಲ್ಲಿ ಇಂಗ್ಲಿಷ್ ಓದುವವರು ಬೇರೆಯವರೂ ಇದ್ದಾರೆ. ನನ್ನ ಹತ್ತಿರವೇ ಯಾಕೆ ಬಂದರೋ.

ಓದಿ ಹೇಳಿದೆ. ಒಂದು ಪುಟವೂ ಇರಲಿಲ್ಲ.

"ಇದ್ರಲ್ಲಿ ಇವ್ರ ಕೈ ಇಚಾರ ಏನಾರ ಬರ್ದವ್ರಾ ಸಾಮಿ?" ಎಂದಳು ಪಟ್ಟಲಮ್ಮ.

"ಇಲ್ಲಮ್ಮ."

"ಈಗ ಕಣ್ಣೂ ಮಂಜಾಯ್ತದೆ ಅಂತಾರೆ. ತುತ್ತು ನಾನೇ ಬಾಯ್ಗಿಡ್ಬೇಕು ಕಣ್ರವ್ವಾ." ಇದನ್ನು ನನಗಲ್ಲ, ಬಾಗಿಲಲ್ಲಿ ನಿಂತಿದ್ದ ವೇದವತಿಗೆ ಹೇಳಿದಳು. "ಚಿಕ್ಕರಸಿನಕೆರೇಲಿ ನಮ್ಮಣ್ಣನ ಅಂಗ್ಡಿ ಅದೆ, ಅಲ್ಲಿಗೆ ಓಯ್ತೀವಿ. ಇವ್ರ ಕೈಲಿ ಪೊಟ್ಣ ಕಟ್ಟಾಕೂ ಆಗಾಕಿಲ್ಲ, ಏನ್ ಮಾಡಾದು?"

ವೇದವತಿ ಜಗಲಿಗೆ ಬಂದು ಅವಳ ಪಕ್ಕದಲ್ಲೇ ಕೂತಳು. "ಬರೋ ಮಂಗಳವಾರ ಮೈಸೂರಿಗೆ ಬನ್ನಿ. ನನ್ನ ನೋಡೋ ಡಾಕ್ಟರು ಒಳ್ಳೆಯವರು. ನಾನೇ ಕರಕೊಂಡು ಹೋಗ್ತೀನಿ."

ಅವಳ ಸರದಿ ಇನ್ನೂ ಹದಿನಾರಕ್ಕೆ. ಜೀಪಿನಲ್ಲಿ ಇವರನ್ನು ಕೂರಿಸುವುದು ಸರಿಯಾಗುವುದಿಲ್ಲ ಎಂದು ಆಮೇಲೆ ಹೇಳಿದೆ.

"ಜೀಪು ಯಾರಿಗೆ ಬೇಕು?" ಎಂದಳು.

ಮೇ 9, ಮಂಗಳವಾರ

ಅವರಿಬ್ಬರ ಜೊತೆ ಬೆಳಗಿನ ಆರೂವರೆ ಬಸ್ಸಿಗೆ ಹೋದ ವೇದವತಿ ರಾತ್ರಿ ಏಳೂವರೆಗೆ ಬಂದಳು. ತುಟಿ ನೀಲಿ. ಊಟ ಬೇಡ ಎಂದು ಗೋಡೆಗೆ ಒರಗಿ ಕೂತಿದ್ದಾಳೆ, ಮಲಗಿದರೆ ಉಸಿರು ಕಟ್ಟುತ್ತದಂತೆ. ಹಟ.

ಮೇ 12, ಶುಕ್ರವಾರ

ಇಂದು ಮಾತಾಡಿದಳು. ಡಾಕ್ಟರು ಕೆಂಪಸಿದ್ದಯ್ಯನನ್ನು ಒಂದು ಗಂಟೆ ನೋಡಿದರಂತೆ. ಯಾವ ಪುಡಿ ಎಂದು ಕೇಳಿದರಂತೆ. ಫ್ಯಾಕ್ಟರಿಯಲ್ಲಿ ಎಲ್ಲರೂ ಅದನ್ನು 'ನಾಲ್ಕನೇ ನಂಬರು' ಎನ್ನುತ್ತಾರೆ, ಅವನಿಗೂ ಅಷ್ಟೇ ಗೊತ್ತು. ಅದರ ನಿಜವಾದ ಹೆಸರು ತಿಳಿದರೆ ಔಷಧಿ ಕೊಡಬಹುದು, ತಿಳಿಯದೆ ಕೊಟ್ಟರೆ ಅಪಾಯ, ತಡವಾದರೆ ನರ ಪೂರ್ತಿ ಹೋಗುತ್ತದೆ ಎಂದರಂತೆ.

"ಅನುವಾದಕ್ಕೆ ಅಂತ ಪಾರ್ಥಸಾರಥಿ ಕೊಟ್ಟ ಕಾಗದಗಳು ನಿಮ್ಮ ಹತ್ತಿರ ಇವೆಯಲ್ಲ. ಅದರಲ್ಲಿ ಹೆಸರಿಲ್ವಾ?"

ಇದೆ. ಪುಡಿ ಮನೆಯ ಎಚ್ಚರಿಕೆಯ ಹಾಳೆಯಲ್ಲಿ ಎರಡನೆಯ ಸಾಲು. ಹಾಗೆಂದು ಹೇಳಿದೆ ಕೂಡ. ನಾನೇನೂ ಮುಚ್ಚಿಡಲಿಲ್ಲ.

"ಹಾಗಾದ್ರೆ ಒಂದು ಚೀಟೀಲಿ ಬರೆದುಕೊಡಿ."

"ಕೊಡೋಣ. ನಂಬಿ ಕೊಟ್ಟ ಕಾಗದ. ಪಾರ್ಥಸಾರಥಿಯನ್ನು ಒಂದು ಮಾತು ಕೇಳಿ ಕೊಡುವುದು ಕ್ರಮ."

ಅವಳು ನನ್ನನ್ನು ನೋಡಿದಳು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಯಿತು, ಹೀಗೆ ನೋಡಿದ್ದು ನೆನಪಿಲ್ಲ. ದಾರಿಯಲ್ಲಿ ಯಾರನ್ನೋ ಪರಿಚಯದವರೆಂದು ಕೂಗಿ, ಅವರು ತಿರುಗಿದಾಗ ಬೇರೆಯವರು ಎಂದು ತಿಳಿದಾಗ ನೋಡುತ್ತೇವಲ್ಲ, ಹಾಗೆ. ಕಾಯಿಲೆ ಅವಳ ಸ್ವಭಾವವನ್ನೂ ಬದಲಾಯಿಸುತ್ತಿದೆ.

ಮೇ 13, ಶನಿವಾರ

ಫ್ಯಾಕ್ಟರಿಗೆ ಹೋಗಿದ್ದೆ. ಪಾರ್ಥಸಾರಥಿ ಬೆಂಗಳೂರಿಗೆ ಹೋಗಿದ್ದಾನೆ. ಇಪ್ಪತ್ತೆರಡು, ಸೋಮವಾರ ಬರುತ್ತಾನಂತೆ. ಬಂದ ಕೂಡಲೇ ಕೇಳುತ್ತೇನೆ. ವೇದವತಿಗೆ ಹೇಳಿದೆ.

ಮೇ 16, ಮಂಗಳವಾರ

ಎದ್ದಾಗ ಮನೆಯಲ್ಲಿ ಅವಳಿರಲಿಲ್ಲ. ಒಲೆಯ ಪಕ್ಕದಲ್ಲಿ ನನಗೆ ಉಪ್ಪಿಟ್ಟು ಮುಚ್ಚಿಟ್ಟಿದ್ದಳು. ಏಳು ಗಂಟೆಗೆ ಜೀಪು ಬಂತು. ಅಮ್ಮ ಎಲ್ಲಿ ಎಂದ ಡ್ರೈವರು. ಹೊರಗೆ ಹೋಗಿದ್ದಾಳೆ ಎಂದೆ. ಸ್ವಲ್ಪ ಕಾದು ಹೊರಟುಹೋದ.

ಎದುರುಮನೆಯವರು ಹೇಳಿದರು: ಮೊದಲ ಬಸ್ಸಿಗೆ ಹೋದರಂತೆ, ಮೂವರು. ವೇದವತಿಯನ್ನು ಪಟ್ಟಲಮ್ಮ ತೋಳು ಹಿಡಿದು ಹತ್ತಿಸಿದಳಂತೆ. ಕೆಂಪಸಿದ್ದಯ್ಯ ಹಿಂದಿನಿಂದ ಮೊಣಕೈ ಕೊಟ್ಟು ಆಸರೆಯಾದನಂತೆ.

ಆಮೇಲೆ ಕಪಾಟು ನೋಡಿದೆ. ಕಂಪನಿಯ ಕಾಗದಗಳು ಇಲ್ಲ. ಅವಳಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಯಾವ ಹಾಳೆಯೆಂದು ತಿಳಿಯದೆ ಇಡೀ ಕಟ್ಟನ್ನೇ ಸೆರಗಿನಲ್ಲಿ ಸುತ್ತಿಕೊಂಡು ಒಯ್ದಿದ್ದಾಳೆ.

ಪಾರ್ಥಸಾರಥಿಗೆ ನಾನು ಏನು ಹೇಳಲಿ? ಸೋಮವಾರದವರೆಗೆ ಕಾಯಬಹುದಿತ್ತು.